ಗೃಹಸ್ಥಭಕ್ತನ ಸಮಭಾರ

ವೀರಶೈವ ಧರ್ಮವು ಮನೆಮಾರನ್ನು ತೊರೆದು ಅಡವಿಯನ್ನು ಸೇರಿದವನಿಗೆ ಮಾತ್ರವೇ ಮುಕ್ತಿಯೆಂದು ವಿಧಿಸಿದ ಧರ್ಮವಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿ, ಸತಿಸುತರೊಡನೆ ಬಾಳಿ, ಮೈಮುರಿದು ದುಡಿದು, ದುಡಿದುದನ್ನು ಗುರುಲಿಂಗಜಂಗಮರಿಗೆ ಸವೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ಗೃಹಸ್ಥನೇ ಈ ಧರ್ಮದ ಆಧಾರಸ್ತಂಭ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ಗೃಹಸ್ಥರು. ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರವನ್ನು ನಿರ್ವಹಿಸುತ್ತಲೇ, ಗಂಗಾಂಬಿಕೆ ನೀಲಾಂಬಿಕೆಯರೊಡನೆ ಮಹಾಮನೆಯ ದಾಸೋಹವನ್ನು ನಡೆಸಿದರು. ಚಂದಯ್ಯನವರು ಹಗ್ಗ ಹೊಸೆದರು. ಚೌಡಯ್ಯನವರು ದೋಣಿ ನಡೆಸಿದರು. ಮಾಚಯ್ಯನವರು ಬಟ್ಟೆಯನ್ನು ಮಡಿಮಾಡಿದರು. ಕಾಯಕವನ್ನು ಬಿಟ್ಟು ಶರಣರಾದವರು ಇವರಲ್ಲಿ ಯಾರೂ ಇಲ್ಲ, ಕಾಯಕದಲ್ಲಿಯೇ ಶರಣರಾದವರು.

ಆದರೆ ಹೀಗೆ ಹೇಳುವುದು ಸುಲಭ, ನಡೆಯುವುದು ಕಷ್ಟ. ಕಾಯಕವೂ ಒಳ್ಳೆಯದು, ಕುಟುಂಬದ ಪೋಷಣೆಯೂ ಒಳ್ಳೆಯದು, ಸಮಾಜದ ಸೇವೆಯೂ ಒಳ್ಳೆಯದು. ಈ ಮೂರೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತು ‘ಮೊದಲು ನನ್ನನ್ನು ನೋಡು’ ಎಂದರೆ ಭಕ್ತನು ಯಾವುದಕ್ಕೆ ಮಣಿಯಬೇಕು? ಒಳಿತಿಗೂ ಕೆಡುಕಿಗೂ ವ್ಯಾಜ್ಯ ಬಂದಾಗ ತೀರ್ಪು ಕಷ್ಟವಲ್ಲ. ಒಳಿತಿಗೂ ಒಳಿತಿಗೂ ವ್ಯಾಜ್ಯ ಬಂದಾಗ ಬಲ್ಲವನೂ ತಡವರಿಸುವನು. ಈ ತಡವರಿಕೆಯೇ ಇಂದಿನ ಗೃಹಸ್ಥನ ನಿತ್ಯದ ಸಂಕಟವಾಗಿದೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಬಲ್ಲವರಿಗೆ ಬೀರೂರಿನ ರೈಲುನಿಲ್ದಾಣದ ಪರಿಚಯ ಇದ್ದೇ ಇರುವುದು. ಬೆಂಗಳೂರಿನ ಕಡೆಯಿಂದ ಕಡೂರನ್ನು ಹಾದುಬಂದ ಹಳಿ ಬೀರೂರಿನಲ್ಲಿ ಕವಲೊಡೆಯುವುದು. ಒಂದು ಕವಲು ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೆ ಹೋಗುವುದು. ಇನ್ನೊಂದು ಅಜ್ಜಂಪುರದ ಮಾರ್ಗವಾಗಿ ಚಿಕ್ಕಜಾಜೂರು, ಹುಬ್ಬಳ್ಳಿಗಳ ಕಡೆಗೆ ಹೋಗುವುದು. ಒಂದೇ ಗಾಡಿ ಏಕಕಾಲದಲ್ಲಿ ಎರಡು ಕವಲನ್ನೂ ಹಿಡಿಯಲಾರದು. ಆದರೂ ಎರಡು ಕವಲಿಗೂ ಮೂಲದ ಹಳಿ ಒಂದೇ. ಗೃಹಸ್ಥನ ಬಾಳೂ ಹೀಗೆಯೇ ಇರುವುದೆಂದು ತಿಳಿಯಬೇಕು.

ದೃಷ್ಟಾಂತಕ್ಕಾಗಿ ಈ ಸೀಮೆಯ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಆತನ ಮನೆ ಕಡೂರಿನ ಅಂಚಿನ ಬಡಾವಣೆಯಲ್ಲಿದೆ. ಮೂವತ್ತು ವರ್ಷಗಳ ಹಿಂದೆ ಅಲ್ಲಿ ಮನೆ ಕಟ್ಟಿದಾಗ ಸುತ್ತಲೂ ರಾಗಿಯ ಹೊಲ, ಅಲ್ಲೊಂದು ಇಲ್ಲೊಂದು ತೆಂಗಿನ ತೋಟ. ಈಗ ಎಡಬಲಗಳಲ್ಲಿ ಮನೆಗಳು ತುಂಬಿವೆ, ನೆರೆಹೊರೆ ಬೆಳೆದಿದೆ. ಆತನ ಉದ್ಯೋಗ ತರೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಬೆಳಗಿನ ಹೊತ್ತು ಲಿಂಗಪೂಜೆಯನ್ನು ಮುಗಿಸಿ, ಬುತ್ತಿ ಕಟ್ಟಿಸಿಕೊಂಡು ಹೊರಟರೆ ಮರಳಿ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಆತನ ಹುಟ್ಟೂರು ಅಜ್ಜಂಪುರದ ಬಳಿಯ ಒಂದು ಹಳ್ಳಿ. ಅಲ್ಲಿಯ ಮಠದ ಜಾತ್ರೆಗೆ ನಡೆಯುವ ದಾಸೋಹದ ಲೆಕ್ಕಪತ್ರವೂ, ಸಾಮಗ್ರಿಯ ಹೊಂದಿಕೆಯೂ ಇಪ್ಪತ್ತು ವರ್ಷಗಳಿಂದ ಆತನ ಹೊಣೆ. ಹೀಗೆ ಮನೆ ಕಡೂರಿನಲ್ಲಿ, ಕಾಯಕ ತರೀಕೆರೆಯಲ್ಲಿ, ಸೇವೆ ಅಜ್ಜಂಪುರದ ಮಗ್ಗುಲಲ್ಲಿ. ಮೂರು ಊರುಗಳು ಒಬ್ಬನನ್ನೇ ಕರೆಯುತ್ತಿದ್ದವು.

ಊರವರೆಲ್ಲರೂ ಆತನನ್ನು ಹೊಗಳುತ್ತಿದ್ದರು. ‘ಒಂದು ಕಾಸಿನ ಲೆಕ್ಕವೂ ತಪ್ಪದು, ತನಗೆಂದು ಒಂದು ಹಿಡಿ ಅಕ್ಕಿಯನ್ನೂ ಮುಟ್ಟಿದವನಲ್ಲ’ ಎಂದು ಹಿರಿಯರು ಸಭೆಯಲ್ಲಿ ಹೇಳುತ್ತಿದ್ದರು. ಆ ಮಾತು ನಿಜವೂ ಆಗಿತ್ತು. ಆದರೆ ಭಾನುವಾರಗಳೆಲ್ಲವೂ ದಾಸೋಹದ ಕೆಲಸಕ್ಕೆ ಹೋಗುತ್ತಿದ್ದುದರಿಂದ, ಮನೆಯಲ್ಲಿ ವೃದ್ಧಮಾತೆಯ ಔಷಧವನ್ನೂ, ಮಗನ ವ್ಯಾಸಂಗವನ್ನೂ, ಹೊತ್ತುಗೊತ್ತಿಲ್ಲದೆ ಬರುವ ಸಮಿತಿಯವರ ಊಟೋಪಚಾರವನ್ನೂ ಮಡದಿಯೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಸಭೆಯಲ್ಲಿ ಆಕೆಯ ಹೆಸರನ್ನು ಯಾರೂ ಹೇಳಿದವರಲ್ಲ. ಗೃಹಸ್ಥನೂ ಹೇಳಿದವನಲ್ಲ.

ಒಂದು ವರ್ಷ ಮಳೆ ಕೈಕೊಟ್ಟಿತು. ಅಜ್ಜಂಪುರದ ಕಡೆಯ ಈರುಳ್ಳಿಯ ಬೆಳೆ ಕೆಟ್ಟಿತು; ಕಡೂರಿನ ಕಡೆ ರಾಗಿಯ ಹೊಲಗಳು ಒಣಗಿದವು. ಜಾತ್ರೆ ಹತ್ತಿರವಾದರೂ ದಾಸೋಹದ ಉಗ್ರಾಣ ತುಂಬಲಿಲ್ಲ. ಗೃಹಸ್ಥನಿಗೆ ಚಿಂತೆ ಹತ್ತಿತು. ಆ ಸಮಯದಲ್ಲಿ ಒಂದು ಸಂಜೆ ಒಬ್ಬ ವರ್ತಕನು ಹತ್ತು ಮೂಟೆ ಅಕ್ಕಿಯನ್ನು ಗಾಡಿಯಲ್ಲಿ ತಂದು ಆತನ ಮನೆಯ ಮುಂದೆ ನಿಲ್ಲಿಸಿದನು. ‘ಇದು ತಮಗಲ್ಲ ಸ್ವಾಮಿ, ಮಠದ ದಾಸೋಹಕ್ಕೆ. ಶಿವನ ಪಾಲು’ ಎಂದು ಕೈಮುಗಿದನು. ಗೃಹಸ್ಥನ ಮುಖವರಳಿತು. ‘ಜಗಲಿಯ ಮೇಲೆ ಇಳಿಸಿ’ ಎಂದನು.

ಒಳಗಿನಿಂದ ಮಡದಿ ಬಂದಳು. ವರ್ತಕನಿಗೆ ಕುಡಿಯಲು ನೀರು ಕೊಟ್ಟು, ಗಂಡನನ್ನು ನಡುಮನೆಗೆ ಕರೆದು ಮೆಲ್ಲಗೆ ಕೇಳಿದಳು: ‘ನೋಡಿ, ಇವರ ಕಾಗದ ಏನಾದರೂ ನಿಮ್ಮ ಮೇಜಿನ ಮೇಲಿದೆಯೆ?’

‘ಇದೆ’ ಎಂದನು ಗೃಹಸ್ಥ. ‘ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಅವನು ಕೇಳಿರುವುದು ನ್ಯಾಯವಾಗಿಯೇ ಇದೆ. ಅಕ್ಕಿ ಕೊಡಲಿ, ಬಿಡಲಿ, ಅವನಿಗೆ ಆ ಅಪ್ಪಣೆ ಸಲ್ಲತಕ್ಕುದೇ.’

‘ಸಲ್ಲತಕ್ಕುದಾದರೆ ಅಕ್ಕಿಯೇಕೆ? ಆ ಕಾಗದ ನಿಮ್ಮಲ್ಲಿ ಇಲ್ಲದಿದ್ದರೆ ಈ ಗಾಡಿ ನಮ್ಮ ಬಾಗಿಲಿಗೆ ಬರುತ್ತಿತ್ತೆ?’

ಗೃಹಸ್ಥನಿಗೆ ಸಿಟ್ಟು ಬಂದಿತು. ‘ನನಗೆಂದು ತೆಗೆದುಕೊಂಡೆನೆ? ಸಾವಿರಾರು ಜನ ಉಣ್ಣುವ ಅನ್ನ ಇದು. ಮನೆಯಲ್ಲಿ ಕುಳಿತ ನಿನಗೆ ಇದೆಲ್ಲ ಏನು ತಿಳಿದೀತು?’ ಎಂದುಬಿಟ್ಟನು.

ಆಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆಯಲ್ಲಿ ಕುಳಿತವಳಿಗೆ ತಿಳಿಯುವುದು ಒಂದೇ. ಅಕ್ಕಿ ಆರಿಸುವಾಗ ಕಲ್ಲು ಕಂಡರೆ ತೆಗೆದು ಹಾಕುತ್ತೇನೆ. ಕಂಡೂ ಬೇಯಿಸಿದರೆ ಉಣ್ಣುವವರ ಹಲ್ಲಿಗೆ ಸಿಕ್ಕುತ್ತದೆ’ ಎಂದು ಹೇಳಿ ಅತ್ತೆಗೆ ಔಷಧ ಕೊಡಲು ಹೋದಳು.

ಸಂಜೆಯ ಪೂಜೆಗೆ ಗೃಹಸ್ಥ ಕುಳಿತನು. ಕರದಿಷ್ಟಲಿಂಗವನ್ನು ನೋಡಿದನು, ದೃಷ್ಟಿ ನಿಲ್ಲಲಿಲ್ಲ. ಮೂಟೆಗಳು ಕಣ್ಣಮುಂದೆ ಬಂದವು. ತಾನು ನಾಳೆ ಆ ಕಾಗದಕ್ಕೆ ರುಜು ಹಾಕಿಸಿದರೆ, ಅದು ನ್ಯಾಯವೇ ಆಗಿದ್ದರೂ, ‘ಅಕ್ಕಿಯಿಂದ ಆಯಿತು’ ಎಂದು ಆ ವರ್ತಕನು ತಿಳಿಯುವನು. ಅಕ್ಕಿ ತರಲಾರದ ಬಡರೈತನೊಬ್ಬನ ಕಾಗದ ಅದಕ್ಕಿಂತ ಮೊದಲೇ ಬಂದು ಕಾದಿದ್ದುದೂ ಆಗ ನೆನಪಿಗೆ ಬಂದಿತು. ಅರ್ಧಗಳಿಗೆಯ ಮೇಲೆ ಆತನು ಎದ್ದು ಹೊರಗೆ ಬಂದು, ಇನ್ನೂ ಜಗಲಿಯಲ್ಲಿಯೇ ಕುಳಿತಿದ್ದ ವರ್ತಕನಿಗೆ, ‘ಅಪ್ಪಾ, ಅಕ್ಕಿಯನ್ನು ತೆಗೆದುಕೊಂಡು ಹೋಗು. ನಿನ್ನ ಕೆಲಸ ಸರದಿಯಲ್ಲಿ ಆಗುತ್ತದೆ. ಅದು ನಿನ್ನ ಹಕ್ಕು. ಅದಕ್ಕೆ ಶಿವನನ್ನು ಸಾಕ್ಷಿ ಕರೆಯಬೇಡ’ ಎಂದನು. ಮೂಟೆಗಳು ಮತ್ತೆ ಗಾಡಿಯನ್ನೇರಿದವು.

ಈ ದೃಷ್ಟಾಂತದ ಮರ್ಮವನ್ನು ವಿಚಾರಿಸತಕ್ಕುದು. ದಾನ ಕೊಟ್ಟವನು ದುಷ್ಟನೆನ್ನುವಂತಿಲ್ಲ, ತೆಗೆದುಕೊಂಡವನು ಕಳ್ಳನೆನ್ನುವಂತಿಲ್ಲ, ಅಕ್ಕಿಯೂ ಒಳ್ಳೆಯದೇ, ಅದು ಹೋಗುವ ಸ್ಥಳವೂ ಪವಿತ್ರವೇ. ಆದರೂ ಅಲ್ಲಿ ಒಂದು ದೋಷವಿತ್ತು. ಕಾಯಕದ ಅಧಿಕಾರದಿಂದ ಹುಟ್ಟಿದ ಒತ್ತಾಯವು ದಾಸೋಹದ ವೇಷವನ್ನು ತೊಟ್ಟು ಬಂದಿತ್ತು. ತನಗಾಗಿ ಲಂಚವನ್ನು ಮುಟ್ಟದವನೂ ದೇವರ ಹೆಸರಿನಲ್ಲಿ ಬಂದಾಗ ಮೈಮರೆಯುವನು. ಕೆಡುಕು ಕೆಡುಕಾಗಿಯೇ ಬಂದರೆ ಭಕ್ತನು ಬಾಗಿಲು ಹಾಕಿಕೊಳ್ಳುವನು. ಅದು ವಿಭೂತಿ ಧರಿಸಿ ಬಂದರೆ ಎದ್ದು ನಿಂತು ಸ್ವಾಗತಿಸುವನು. ಇದಕ್ಕಿಂತ ಸೂಕ್ಷ್ಮವಾದ ಮೋಹ ಬೇರೊಂದಿಲ್ಲ.

ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರ ಕಾಯಕ, ಬಿದ್ದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದು. ಅವರದು ಪೂಜೆಯ ನೆವದಿಂದಲೂ ಕಾಯಕಕ್ಕೆ ಚ್ಯುತಿ ಬರಬಾರದೆಂಬ ನಿಷ್ಠೆ. ಆದರೂ ಒಂದು ದಿನ ಅನುಭಾವಗೋಷ್ಠಿಯಲ್ಲಿ ಹೊತ್ತು ಹೋದುದು ತಿಳಿಯಲಿಲ್ಲ. ಕಾಯಕ ನಿಂತುದನ್ನು ನೆನಪಿಸಿದವರು ಮಡದಿ ಲಕ್ಕಮ್ಮನವರು. ಮಾರಯ್ಯನವರು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಆಗ ಲಕ್ಕಮ್ಮನವರು ಹಿಗ್ಗಲಿಲ್ಲ. ದಿನದ ಅಗತ್ಯಕ್ಕೆ ಮೀರಿದುದು ಆಸೆಯ ಗುರುತೆಂದೂ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದೂ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಅವರ ಅಂಕಿತ ‘ಅಮರೇಶ್ವರಲಿಂಗ’ವಾದರೆ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಂಕಿತದಲ್ಲಿ ಪತಿಯ ಹೆಸರನ್ನು ಪ್ರೀತಿಯಿಂದ ಹೊತ್ತ ಆ ತಾಯಿಯೇ ಪತಿ ತಪ್ಪಿದಾಗ ತಿದ್ದುವ ಗುರುವೂ ಆದರು. ತಿದ್ದಿಸಿಕೊಳ್ಳುವ ವಿನಯ ಮಾರಯ್ಯನವರಲ್ಲಿ ಇದ್ದುದರಿಂದಲೇ ಅವರಿಬ್ಬರ ಹೆಸರುಗಳೂ ಇಂದಿಗೂ ಜೊತೆಯಾಗಿ ಉಳಿದಿವೆ.

ಆದುದರಿಂದ ಕುಟುಂಬವು ಕಾಯಕಕ್ಕೂ ದಾಸೋಹಕ್ಕೂ ಅಡ್ಡಿಯೆಂದು ತಿಳಿಯುವುದು ಅಜ್ಞಾನ. ಕುಟುಂಬವೇ ಅವೆರಡನ್ನೂ ಒರೆಗೆ ಹಚ್ಚುವ ಕಲ್ಲು. ಸಭೆಯವರು ಭಕ್ತನ ಸೇವೆಯನ್ನು ನೋಡುವರು. ಕಚೇರಿಯವರು ಅವನ ದಕ್ಷತೆಯನ್ನು ನೋಡುವರು. ಇವೆರಡೂ ಎಲ್ಲಿಂದ ಬಂದವು, ಯಾರ ಮೈಮುರಿತದಿಂದ ನಡೆದವು ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಸಾರ್ವಜನಿಕ ಸೇವೆಯನ್ನು ಕುರಿತ ಇನ್ನೊಂದು ಪ್ರಸಂಗ ಸೊನ್ನಲಿಗೆಯ ಸಿದ್ಧರಾಮೇಶ್ವರರದು. ಈ ಸೀಮೆಯ ಅನೇಕ ಮನೆತನಗಳು ಸಿದ್ಧರಾಮೇಶ್ವರರಿಗೆ ನಡೆದುಕೊಳ್ಳುವ ಮನೆತನಗಳು. ಸಂಕ್ರಾಂತಿಯ ಹೊತ್ತಿಗೆ ಅವರ ಜಯಂತಿಯನ್ನು ಭಕ್ತಿಯಿಂದ ಆಚರಿಸುವವರು. ಸಿದ್ಧರಾಮೇಶ್ವರರು ಜನಹಿತಕ್ಕಾಗಿ ಕೆರೆಯನ್ನು ತೋಡಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಅವರನ್ನು ಒಡ್ಡನೆಂದು ಕರೆದು ಕೆಣಕಿದ ಕಥೆ ಶೂನ್ಯಸಂಪಾದನೆಯಲ್ಲಿ ಬರುವುದು. ಪ್ರಭುಗಳು ಕೆರೆಯನ್ನು ಬೇಡವೆಂದರೆಂದು ಅದನ್ನು ಅರ್ಥಮಾಡಬಾರದು. ಬಾಯಾರಿದವನಿಗೆ ನೀರು ಬೇಕೇ ಬೇಕು. ‘ನಾನು ಮಾಡಿಸಿದೆ’ ಎಂಬ ಹಮ್ಮು ಕೆರೆಯ ಜೊತೆಗೆ ತುಂಬುತ್ತಿದ್ದರೆ ಅದನ್ನು ಕಾಣಬೇಕೆಂಬುದು ಪ್ರಭುಗಳ ಆಶಯ. ಸಿದ್ಧರಾಮೇಶ್ವರರು ಅದನ್ನು ಕಂಡರು. ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಇಪ್ಪತ್ತು ವರ್ಷ ದಾಸೋಹದ ಲೆಕ್ಕ ಬರೆದ ಗೃಹಸ್ಥನೂ ತನ್ನೊಳಗೆ ಇಣುಕಿ ನೋಡಬೇಕಾದುದು ಇದನ್ನೇ. ‘ನಾನಿಲ್ಲದಿದ್ದರೆ ಇದು ನಡೆಯದು’ ಎಂಬ ಮಾತು ಮನಸ್ಸಿಗೆ ಬಂದ ದಿನವೇ ಸೇವೆಯು ಸೇವೆಯಾಗಿ ಉಳಿಯದೆ ಒಡೆತನವಾಗುವುದು. ಪಂಚಾಚಾರಗಳಲ್ಲಿ ಸದಾಚಾರವು ಸತ್ಯಶುದ್ಧ ಕಾಯಕವನ್ನು ಕಲಿಸಿದರೆ, ಗಣಾಚಾರವು ಸಮಾಜದ ಹೊಣೆಯನ್ನು ಕಲಿಸುವುದು. ಇವೆರಡೂ ಹಮ್ಮಾಗಿ ಗಟ್ಟಿಯಾಗದಂತೆ ಕಾಯುವುದು ಭೃತ್ಯಾಚಾರ.

ಇತ್ತೀಚಿನ ಕಾಲದಲ್ಲಿ ಈ ಮೂರು ಭಾರಗಳನ್ನೂ ಹೊತ್ತ ಮಹನೀಯರೆಂದರೆ ವಿಜಯಪುರದ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಯನ್ನು ಕಾಯಕವಾಗಿ ಹಿಡಿದು, ಸಂಸಾರವನ್ನು ನಡೆಸುತ್ತಲೇ ಅವರು ಊರಿನ ವಿದ್ಯಾಸಂಸ್ಥೆಗೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೂ ನೆಲೆ ಹಾಕಿದರು. ತಾಳೆಯೋಲೆಗಳಲ್ಲಿ ಮುಚ್ಚಿಹೋಗಿದ್ದ ಶರಣರ ವಚನಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂದು ಅವರ ಚರಿತ್ರೆಯನ್ನು ಬಲ್ಲವರು ಹೇಳುವರು. 1964ರಲ್ಲಿ ಅವರು ಲಿಂಗೈಕ್ಯರಾದರು. ಎಲ್ಲ ಗೃಹಸ್ಥರೂ ಮನೆ ಮಾರಬೇಕೆಂದು ಇದರ ಅರ್ಥವಲ್ಲ. ಅಂತಹ ತ್ಯಾಗದ ಭಾರವನ್ನು ಮನೆಯವರೂ ಹೊರಬೇಕಾಗುವುದೆಂಬುದನ್ನು ಮರೆಯಲಾಗದು. ಇಲ್ಲಿ ಕಲಿಯತಕ್ಕುದು ಬೇರೊಂದಿದೆ. ಅವರು ಸವೆಸಿದುದು ತಮ್ಮದನ್ನು. ದಾಸೋಹಕ್ಕೆ ತನ್ನದೆಂಬುದೇ ಮೂಲಧನ. ಪರರ ಕಷ್ಟವೂ, ಪರರ ಭಯವೂ ದಾಸೋಹದ ಮೂಲಧನವಾಗಲಾರವು.

ಹಾಗಾದರೆ ಭಾರವನ್ನು ಹಂಚುವ ಬಗೆ ಹೇಗೆ? ಅಜ್ಜಂಪುರವು ಅಮೃತಮಹಲ್ ರಾಸುಗಳ ತಳಿಕೇಂದ್ರವಿರುವ ಊರು. ಎತ್ತುಗಾಡಿಯ ಮರ್ಮ ಅಲ್ಲಿಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಗಾಡಿಯ ಮುಂದಕ್ಕೆ ಹೆಚ್ಚು ಹೇರಿದರೆ ನೊಗ ಎತ್ತುಗಳ ಹೆಗಲನ್ನು ಒತ್ತುವುದು. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲಕ್ಕೆದ್ದು ಕೊರಳ ಕಣ್ಣಿ ಬಿಗಿಯುವುದು. ಅದೇ ಮೂಟೆಗಳನ್ನು ಅಚ್ಚಿನ ಮೇಲೆ ಸಮವಾಗಿ ಕೂಡಿಸಿದರೆ ಎತ್ತುಗಳು ಏರನ್ನೂ ನಿರಾಯಾಸವಾಗಿ ಏರುವುವು. ಭಾರ ಕಡಿಮೆಯಾಗಲಿಲ್ಲ; ಅದು ಕುಳಿತ ಸ್ಥಳ ಸರಿಯಾಯಿತು, ಅಷ್ಟೆ. ಗೃಹಸ್ಥನ ಬಾಳಿಗೆ ಅಚ್ಚೆಂದರೆ ಲಿಂಗನಿಷ್ಠೆ. ಕಚೇರಿಯಲ್ಲಿರುವಾಗ ಕಚೇರಿಯ ಕೆಲಸವೇ ಪೂಜೆ. ಅಲ್ಲಿ ದಾಸೋಹದ ಲೆಕ್ಕ ಬರೆಯುವುದು ಪುಣ್ಯವಲ್ಲ, ಸಂಬಳ ಕೊಡುವ ಜನರ ಹೊತ್ತಿನ ಅಪಹಾರ. ಮನೆಯಲ್ಲಿರುವಾಗ ತಾಯಿಯ ಔಷಧವೇ ಪೂಜೆ. ಆ ಹೊತ್ತಿನಲ್ಲಿ ಸಮಿತಿಯ ಮಾತು ಹೊರಗೆ ಕಾಯಬಹುದು. ದಾಸೋಹದ ಪಂಕ್ತಿಯಲ್ಲಿರುವಾಗ ಎಲೆಯ ಮುಂದೆ ಕುಳಿತವನೇ ಲಿಂಗಸ್ವರೂಪಿ. ಅಲ್ಲಿ ಕಚೇರಿಯ ಅಧಿಕಾರಕ್ಕೆ ಸ್ಥಳವಿಲ್ಲ. ಒಂದರ ಹೊತ್ತನ್ನು ಕದ್ದು ಮತ್ತೊಂದಕ್ಕೆ ಅರ್ಪಿಸಿದರೆ ಅರ್ಪಿತವಾಗದು.

ಈಗ ದೃಷ್ಟಾಂತದ ಉಳಿದ ಭಾಗ. ಅಕ್ಕಿಯನ್ನು ಹಿಂದಿರುಗಿಸಿದ ಸುದ್ದಿ ಸಮಿತಿಗೆ ಮುಟ್ಟಿತು. ಕೆಲವರು ಗೊಣಗಿದರು, ‘ಬರಗಾಲದಲ್ಲಿ ಬಂದ ಲಕ್ಷ್ಮಿಯನ್ನು ಒದ್ದವನು’ ಎಂದರು. ಗೃಹಸ್ಥನು ಸಭೆಯಲ್ಲಿ ನಡೆದುದನ್ನು ನಡೆದಂತೆಯೇ ಹೇಳಿದನು. ತಾನು ಮೊದಲು ಇಳಿಸಿಕೊಳ್ಳಲು ಒಪ್ಪಿದುದನ್ನೂ, ಮಡದಿಯ ಮಾತಿನಿಂದ ಎಚ್ಚರಗೊಂಡುದನ್ನೂ ಮರೆಮಾಚಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ ಸಭೆಯಲ್ಲಿ ಆಕೆಯ ಮಾತು ಬಂದುದು ಅದೇ ಮೊದಲು. ಸಭೆ ಸ್ವಲ್ಪ ಹೊತ್ತು ಮೌನವಾಗಿದ್ದಿತು. ಕೊನೆಗೆ ಒಬ್ಬ ಮುದುಕರು, ‘ಮನೆಗೊಂದು ಸೇರು ಎತ್ತೋಣ, ಆದಷ್ಟು ಮಾಡೋಣ’ ಎಂದರು. ಹಾಗೆಯೇ ಎತ್ತಿದರು. ಆ ವರ್ಷ ದಾಸೋಹದಲ್ಲಿ ಪಾಯಸವಿರಲಿಲ್ಲ. ಅನ್ನ, ಸಾರು, ಒಂದು ಪಲ್ಯ. ಉಂಡವರು ತೃಪ್ತರಾಗಿಯೇ ಎದ್ದರು.

ಅಲ್ಲಿಂದ ಮುಂದೆ ಗೃಹಸ್ಥನು ಲೆಕ್ಕದ ಪುಸ್ತಕವನ್ನು ಹಳ್ಳಿಯ ಇಬ್ಬರು ಯುವಕರಿಗೆ ಕಲಿಸಿಕೊಡತೊಡಗಿದನು. ತಿಂಗಳಲ್ಲಿ ಎರಡು ಭಾನುವಾರ ಮನೆಯಲ್ಲಿ ಉಳಿದನು. ಮೊದಮೊದಲು ಮಗನಿಗೆ ತಂದೆಯ ಬಳಿ ಕುಳಿತು ಮಾತನಾಡುವುದೇ ಅಭ್ಯಾಸವಿರಲಿಲ್ಲ. ಇಬ್ಬರೂ ಸುಮ್ಮನೆ ಕುಳಿತಿರುತ್ತಿದ್ದರು. ಕಳೆದುಹೋದ ಭಾನುವಾರಗಳು ಒಂದೇ ಸಲಕ್ಕೆ ಮರಳಿ ಬಾರವು. ಮರುವರ್ಷದ ಜಾತ್ರೆಗೆ ಮಾತ್ರ ಮಗನು ಕರೆಯದೆಯೇ ಹೊರಟು ನಿಂತು, ಪಂಕ್ತಿಯಲ್ಲಿ ನೀರು ಬಡಿಸಿದನು. ಮಡದಿ ಉಗ್ರಾಣದ ಬಾಗಿಲಲ್ಲಿ ಕುಳಿತು, ಬಂದ ಅಕ್ಕಿಯನ್ನು ನೋಡಿ ಒಳಗೆ ಬಿಡುವ ಕೆಲಸವನ್ನು ವಹಿಸಿಕೊಂಡಳು.

ಸದ್ಭಕ್ತರು ಪ್ರತಿದಿನ ಸಂಜೆ ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡಾಗ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಕೇಳಿಕೊಂಡರೆ ಸಾಕು. ಇಂದು ದುಡಿದುದು ಶುದ್ಧವೆ? ಇಂದು ಕೊಟ್ಟುದು ತನ್ನದೆ? ಇಂದಿನ ತನ್ನ ಸೇವೆಯ ಭಾರವನ್ನು ಮನೆಯಲ್ಲಿ ಬೇರೆ ಯಾರಾದರೂ ಹೇಳದೆ ಹೊತ್ತರೆ? ಮೂರಕ್ಕೂ ನಿರ್ಮಲವಾದ ಉತ್ತರ ದೊರೆತ ದಿನ ದೃಷ್ಟಿ ಲಿಂಗದಲ್ಲಿ ತಾನಾಗಿ ನಿಲ್ಲುವುದು. ದೊರೆಯದ ದಿನ ನಿರಾಶೆ ಬೇಡ. ಗಾಡಿಯನ್ನು ನಿಲ್ಲಿಸಿ ಮೂಟೆಯನ್ನು ಸರಿಸಿಕೊಂಡು ಮುಂದೆ ಹೊಡೆಯುವುದು ಜಾಣ ಗಾಡಿಕಾರನ ಲಕ್ಷಣ. ಹಾಗೆ ಸರಿಪಡಿಸಿಕೊಂಡು ನಡೆಯುವ ಬುದ್ಧಿಯನ್ನೂ, ತಪ್ಪಿದಾಗ ಮನೆಯವರ ಮಾತಿಗೆ ಕಿವಿಗೊಡುವ ವಿನಯವನ್ನೂ ಪರಶಿವನು ಎಲ್ಲ ಗೃಹಸ್ಥಭಕ್ತರಿಗೂ ಕರುಣಿಸಲಿ.

ಶರಣು ಶರಣಾರ್ಥಿ.